ಐದು ಉಜ್ಜು ಹೆಚ್ಚಿಗೆ

"ಕೈ ಹಿಂದಕ್ಕ ತಗೀಲೇ ಊರಿ. ಅದು ನಿನ್ನ ಗಂಡನ ಚಕ್ಕಡಿ ಅಲ್ಲ, ಚೀನಾದ ಮಷೀನು. ನಿನ್ನ ಬೆವರಗೈ ತಾಗಿದ್ರ ಸುಟ್ಟು ಹೋಕ್ಕೈತಿ."

ಹೇಳಿದವನು ಧಣಿ ಚನ್ನಬಸವರಾಜ. ಊರಮ್ಮ ಅವನ ಬಾಯಲ್ಲಿ ಊರಿ. ನಾನು ಮುಟ್ಟಿರಲಿಲ್ಲ, ಪೆಟ್ಟಿಗೆ ಬಿಚ್ಚಿದ ಕಡೆ ಬಗ್ಗಿ ನೋಡಿದ್ದೆ ಅಷ್ಟೆ. ಅಯ್ನೋರು ಬಂದು ಮಷೀನಿಗೆ ವಿಭೂತಿ ಬಳಿದರು, ಕಾಯಿ ಒಡೆದರು. ಕೇರಿಯ ಹೆಂಗಸರು ನಾವು ಹದಿನಾಲ್ಕು ಜನ ಬಾಗಿಲಾಚೆ ನಿಂತು ನೋಡಿದೆವು. ನಾವು ಒಳಗಿದ್ದರೆ ಪೂಜೆಗೆ ಮೈಲಿಗೆಯಂತೆ. ಕೆಲವು ವರ್ಷದ ಹಿಂದೆ ಗಡಿಯಲ್ಲಿ ನಮ್ಮ ಸೈನಿಕರು ಸತ್ತಾಗ ಇದೇ ಧಣಿ ಇದೇ ಅಂಗಳದಲ್ಲಿ ಚೀನಾದ ಆಟಿಕೆಗಳನ್ನು ಸುಟ್ಟು ನಮ್ಮ ಕೈಲಿ ಧಿಕ್ಕಾರ ಕೂಗಿಸಿದ್ದ. ಕೂಗು ಮೆತ್ತಗಾಯಿತೆಂದು ನಮ್ಮೊಳಗೆ ಹಿರಿಯಳಾದ ವಿರೂಪಮ್ಮನಿಗೆ ಬೈದಿದ್ದ. ಆವತ್ತು ನಾವು ಉಜ್ಜುತ್ತಿದ್ದ ಪ್ಯಾಂಟುಗಳ ಜಿಪ್ಪು ಕೂಡ ಚೀನಾದ್ದೇ.

ಬಳ್ಳಾರಿಯ ಆ ಶೆಡ್ಡಿನಲ್ಲಿ ನಮ್ಮ ಕೆಲಸ ಹೊಸ ಜೀನ್ಸನ್ನು ಹಳೇದು ಮಾಡುವುದು. ಗಾಳಿ ತುಂಬಿದ ರಬ್ಬರಿನ ಕಾಲಿಗೆ ಪ್ಯಾಂಟು ತೊಡಿಸಿ, ತೊಡೆ ಮತ್ತು ಮೊಣಕಾಲಿನ ಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜಬೇಕು. ಆಗಾಗ ಬಟ್ಟೆಯೊಳಗೆ ಎರಡು ಬೆರಳು ತೂರಿಸಿ ನೋಡಬೇಕು. ಬೆರಳಿಗೆ ಬಿಸಿ ತಾಗಿತೋ, ಎಳೆ ಸವೆಯಿತೆಂದು ಲೆಕ್ಕ, ನಿಲ್ಲಿಸಬೇಕು. ಇದನ್ನು ನಮಗೆಲ್ಲ ಕಲಿಸಿದಾಕೆ ವಿರೂಪಮ್ಮ. ಹನ್ನೊಂದು ವರ್ಷ ಉಜ್ಜಿದಳು. ಕೊನೆಕೊನೆಗೆ ಕೆಮ್ಮಿದರೆ ಸೆರಗಿನ ಮೇಲೆ ನೀಲಿ ಬೀಳುತ್ತಿತ್ತು. ಮಷೀನು ಬರುವ ಮುಂಚೆಯೇ ಕೆಲಸ ಬಿಟ್ಟು ಮನೆ ಹಿಡಿದಳು.

ಕೂಲಿ ಏರಿಸಿರಿ ಅಂದಾಗಲೆಲ್ಲ ಧಣಿಯ ಬಾಯಲ್ಲಿ ಒಂದೇ ಮಾತು. "ಚೀನಾದಾಗ ಇದೇ ಕೂಲಿಗೆ ಮೂರು ಪ್ಯಾಂಟು ಉಜ್ಜತಾರ. ಹೋಗ್ರಿ ಅಲ್ಲಿಗೆ." ನಾವು ಸಿರುಗುಪ್ಪ ದಾಟಿದವರಲ್ಲ. ಆದರೂ ಚೀನಾ ನಮ್ಮ ಬೆನ್ನ ಮೇಲೇ ಕೂತಿತ್ತು.

ಮಷೀನು ಬೆಳಕಿನಿಂದ ಬಟ್ಟೆ ಸುಟ್ಟು ಹಳೇದು ಮಾಡುತ್ತದೆ, ನಿಮಿಷಕ್ಕೊಂದು ಪ್ಯಾಂಟು. ಆದರೆ ಅದಕ್ಕೆ ನಮೂನೆ ಗೊತ್ತಿರಲಿಲ್ಲ. ಧಣಿ ನನ್ನನ್ನು ಕರೆದು ನಯವಾಗಿ, "ನಿನ್ನ ಕೈ ಚಲೋ ಐತಿ ಊರಮ್ಮ, ಒಂದು ಉಜ್ಜಿ ತೋರಸು" ಅಂದ. ಕ್ಯಾಮೆರಾದ ಕೆಳಗೆ ಉಜ್ಜಿದೆ. ನನ್ನ ಕೈಯ ನಮೂನೆ ಮಷೀನಿಗೆ ಹೋಯಿತು. ಮರುದಿನ ಹದಿನಾಲ್ಕೂ ಜನಕ್ಕೆ ಬಾಗಿಲು ತೋರಿಸಿದರು. ಪೆದ್ದಿಯ ಹಾಗೆ ಹಲ್ಲು ಕಿರಿದು ಉಜ್ಜಿದ್ದೆನಲ್ಲ, ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಅದೇ ತಿಂಗಳು ವಿರೂಪಮ್ಮ ಆಸ್ಪತ್ರೆ ಸೇರಿದಳು. ಡಾಕ್ಟರು ಎದೆಯ ಫೋಟೋ ನೋಡಿ, "ಇದು ಕೆಲಸದ ಧೂಳು. ಎಲ್ಲಿ ಕೆಲಸ ಮಾಡ್ತಿದ್ರು ಅಂತ ಮಾಲೀಕರಿಂದ ಬರೆಸಿಕೊಂಡು ಬನ್ನಿ, ಸರ್ಕಾರದ ಖರ್ಚಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ತಡ ಮಾಡಬೇಡಿ" ಅಂದರು. ಒಂದು ಸಾಲು ಬರೆದರೆ ಸಾಕಿತ್ತು.

ಶೆಡ್ಡಿಗೆ ಹೋಗಿ ಕೇಳಿದರೆ ಧಣಿ ತಲೆ ಎತ್ತಲಿಲ್ಲ. "ಯಾವ ವಿರೂಪಮ್ಮ? ನನ್ನ ಹಾಜರಿ ಪುಸ್ತಕದಾಗ ಅಂಥಾಕಿ ಇಲ್ಲ."

"ಹನ್ನೊಂದು ವರ್ಷ ನಿಮ್ಮ ಧೂಳು ಕುಡದಾಳ್ರಿ ಧಣಿ."

"ಬೀಡಿ ಸೇದಿರತಾಳ. ನಡೀಲೇ, ಸೂಳೇರಿಗೆಲ್ಲ ಸರ್ಟಿಫಿಕೇಟು ಬರಿಯಾಕ ಕುಂತಿಲ್ಲ ನಾನು."

ಮೂರು ವಾರ ಕಳೆದವು. ಸಿರುಗುಪ್ಪ ಕಡೆಯ ಕರೂರಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದೆವು. ಸೂಪರ್‌ವೈಸರ್ ಹಂಪೇಶ್ ಟೆಂಪೋ ತಂದು ಬದುವಿನ ಮೇಲೆ ನಿಂತ.

"ಊರಮ್ಮಕ್ಕ, ಎಲ್ಲಾರೂ ಹತ್ರಿ. ಚೀನಾದ ಮ್ಯಾಲೆ ಅಮೆರಿಕಾದವ್ರು ಸುಂಕ ಹಾಕ್ಯಾರ, ಆ ಆರ್ಡರು ನಮಗ ಬಂದೈತಿ. ಸಾವಿರದ ಇನ್ನೂರು ಪೀಸು, ಮೂರು ದಿನ."

"ಮಷೀನು ಸತ್ತೈತೇನು?"

"ಒಳಗಿನ ಬೋರ್ಡು ಸುಟ್ಟೈತಿ. ಹೊಸಾದು ಅಲ್ಲಿಂದಾನ ಬರಬೇಕು. ರಿಪೇರಿ ಮಾಡೋನಿಗೆ ವೀಸಾ ಸಿಗವಲ್ದು. ಫೋನ್ನಾಗ ಮುಖ ತೋರಸ್ತಾನ, ನಗತಾನ, ಅಷ್ಟ."

ಕೆಸರುಗಾಲಲ್ಲೇ ಹತ್ತಿದೆವು. ಬಳ್ಳಾರಿ ಮುಟ್ಟಿದ ಮೇಲೆ ನಾನು ಮೊದಲು ಪತ್ರ ಕೇಳಿದೆ. ಧಣಿ ಕೈ ಮುಗಿಯುವುದೊಂದು ಬಾಕಿ. "ಆರ್ಡರು ಮುಗೀಲಿ ಊರಮ್ಮ. ವಿರೂಪಮ್ಮ ನಮ್ಮಾಕೀನ ಅಲ್ಲೇನು? ಬರದು ಕೊಡ್ತೀನಿ."

ಆ ಬಾಯನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದೇನೆ. ರಬ್ಬರಿನ ಕಾಲಿಗೆ ಮೊದಲ ಪ್ಯಾಂಟು ತೊಡಿಸಿ, ಉಳಿದವರಿಗೆ ಮೆಲ್ಲಗೆ ಹೇಳಿದೆ. "ಬಿಸಿ ತಾಗಿದ ಮ್ಯಾಲೆ ಇನ್ನೈದು ಉಜ್ಜರಿ." ಹದಿಮೂರೂ ಜನ ಪೇಪರು ಕೈಗೆತ್ತಿಕೊಂಡರು. ನೀರು ಕಾಣದ ಜೀನ್ಸಿನಲ್ಲಿ ಗಂಜಿ ಇರುತ್ತದೆ. ಎಳೆ ಸತ್ತರೂ ಗಂಜಿ ಹಿಡಿದಿಟ್ಟಿರುತ್ತದೆ, ನೋಡಿದವರಿಗೆ ತಿಳಿಯುವುದಿಲ್ಲ. ತಣ್ಣೀರಿನಲ್ಲಿ ಜಾಲಿಸಿ ತೆಗೆದರೆ ಹೇಗೋ ಉಳಿಯುತ್ತದೆ. ಧಣಿ ಯಾವಾಗಲೂ ತೊಳೆಸುವ ಹಾಗೆ ಕಲ್ಲು ಹಾಕಿ ಡ್ರಮ್ಮಿನಲ್ಲಿ ತಿರುಗಿಸಿದರೆ ತೂತು ಬಿದ್ದು ಮುಗಿಯಿತು. ಪತ್ರ ಕೊಟ್ಟರೆ ಕಲ್ಲು ಬೇಡ ಎಂದು ಹೇಳುವುದು, ಕೊಡದಿದ್ದರೆ ಬಾಯಿ ಮುಚ್ಚಿಕೊಂಡಿರುವುದು. ಇಷ್ಟೇ ನಮ್ಮ ಮಾತು.

ತೊಳೆಯುವ ನೀರಿನ ಟ್ಯಾಂಕರು ಬಂದದ್ದು ಮೂರನೇ ದಿನ ಮಧ್ಯಾಹ್ನ, ಅಲ್ಲಿವರೆಗೆ ಒಂದು ಪೀಸೂ ನೀರು ಕಂಡಿರಲಿಲ್ಲ. ಕೊನೆಯ ಪೀಸು ಉಜ್ಜಿ ಧಣಿಯ ಮುಂದೆ ನಿಂತೆ.

"ಪತ್ರ ಧಣಿ."

"ಎಂಥಾ ಪತ್ರ?" ಫೋನು ನೋಡುತ್ತಲೇ ಅಂದ. "ಬೋರ್ಡು ಚೆನ್ನೈಗೆ ಬಂದು ಇಳದೈತಿ, ಫೋನ್ನಾಗ ನೋಡಿ ನಾವ ಕೂಡಸ್ತೀವಿ. ನಾಳಿಂದ ನಿಮ್ಮ ಮಾರಿ ನೋಡೋ ಕರ್ಮ ಇಲ್ಲ ನನಗ. ಹಂಪೇಶಾ, ಇವ್ರನ್ನ ಹೊರಗ ಹಾಕು."

"ಆಕಿ ಸಾಯಾಕತ್ಯಾಳ್ರಿ."

"ಸಾಯಲಿ. ಎಲ್ಲಾರೂ ಸಾಯೋರ."

ನಾನು ಬಾಯಿ ಮುಚ್ಚಿಕೊಂಡೆ. ಗೇಟಿನ ಹೊರಗೆ ಹದಿನಾಲ್ಕೂ ಜನ ಸಾಲಾಗಿ ಕೂತೆವು. ಒಳಗೆ ನಾಲ್ಕು ಡ್ರಮ್ಮುಗಳಿಗೆ ಕಲ್ಲು ಸುರಿದ ಸದ್ದಾಯಿತು, ಆಮೇಲೆ ತಿರುಗುವ ಸದ್ದು. ನನಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ಸುಳ್ಳು ಯಾಕೆ ಹೇಳಲಿ.

ಮುಕ್ಕಾಲು ತಾಸಿಗೆ ಹಂಪೇಶ್ ಕಿರುಚಿದ. ಒಳಗೆ ಹೋದೆವು. ನೆಲದ ಮೇಲೆ ಒದ್ದೆ ಪ್ಯಾಂಟುಗಳ ರಾಶಿ. ಎಲ್ಲದರ ತೊಡೆಯಲ್ಲೂ ಅಂಗೈ ತೂರುವಷ್ಟು ತೂತು. ಧಣಿ ಒಂದೊಂದೇ ಎತ್ತಿ ನೋಡಿ ಎಸೆಯುತ್ತಿದ್ದ.

"ಯಾವಾಕಿ ಮಾಡಿದ್ದಲೇ ಬೋಳಿಮಕ್ಕಳ್ರಾ?"

"ನಾನು" ಅಂದೆ. "ಊರಮ್ಮ."

"ನಿನ್ನ ಜೈಲಿಗೆ ಹಾಕಸ್ಲಿಲ್ಲ ಅಂದ್ರ..." ಪೊಲೀಸರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಗಂಟೆ ಹೊಡೆಯತೊಡಗಿತು.

"ಕರೀರಿ. ನಾವ ಬರ್ತೀವಿ ಸ್ಟೇಷನ್ನಿಗೆ. ಕಂಪ್ಲೇಂಟ್ನಾಗ ಸರಿಯಾಗಿ ಬರಸರಿ. ಊರಮ್ಮ, ಒಂಬತ್ತು ವರ್ಷದಿಂದ ನನ್ನ ಶೆಡ್ನಾಗ ಉಜ್ಜೋ ಕೆಲಸ ಮಾಡಾಕಿ ಅಂತ. ಈ ಹದಿಮೂರು ಮಂದೀನೂ ಬರಸರಿ. ಇವರಿಗೆಲ್ಲ ಉಜ್ಜೋದು ಕಲಿಸಿದಾಕಿ ವಿರೂಪಮ್ಮ, ಹನ್ನೊಂದು ವರ್ಷ ಇಲ್ಲೇ ಇದ್ಲು, ಅದನ್ನೂ ಬರಸರಿ. ಕೆಳಗ ನಿಮ್ಮ ಸಹಿ ಹಾಕ್ರಿ. ಅದರದೊಂದು ಜೆರಾಕ್ಸು ನಾನು ಡಾಕ್ಟರಿಗೆ ಒಯ್ತೀನಿ."

ಅತ್ತ ಯಾರೋ ಫೋನು ಎತ್ತಿದರು. "ಹಲೋ, ಹೇಳಿ. ಏನಾಗಿದೆ?"

ಧಣಿ ನನ್ನ ಮುಖ ನೋಡಿದ.

"ಹಲೋ? ಮಾತಾಡ್ರಿ. ಯಾರು ಏನು ಮಾಡಿದ್ರು?"

"ಹೇಳ್ರಿ ಧಣಿ," ಅಂದೆ. "ನಮ್ಮ ಹೆಸರು ಹೇಳ್ರಿ."