ಹುಲಿವೀರಪ್ಪನ ಕಲ್ಲು

ತೋಟದ ಕಲ್ಲನ್ನು ಮ್ಯೂಸಿಯಂನವರು ಹೊತ್ತೊಯ್ದಾಗಿನಿಂದ ತಿಮ್ಮರಾಯಪ್ಪನಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಅಜ್ಜಂಪುರದ ಆಚೆ ರಸ್ತೆ ಅಗಲ ಮಾಡುವಾಗ ಅವನ ತೆಂಗಿನ ತೋಟದ ಅಂಚಿನಲ್ಲಿದ್ದ ವೀರಗಲ್ಲು ಅಡ್ಡ ಬಂದಿತ್ತು. ಹುಲಿಯೊಡನೆ ಕಾದಾಡಿ ಸತ್ತ ಮನೆತನದ ಮೂಲಪುರುಷ ಹುಲಿವೀರಪ್ಪನದು ಎಂದು ತಲೆತಲಾಂತರದಿಂದ ಎಣ್ಣೆ ಎರೆದು, ಕುಂಕುಮ ಮೆತ್ತಿ ಪೂಜಿಸುತ್ತಿದ್ದ ಕಲ್ಲು ಅದು. ಕಡೂರಿನ ಹೊಸ ಮ್ಯೂಸಿಯಂನಲ್ಲಿ ಜೋಪಾನ ಮಾಡುತ್ತೇವೆಂದು ಅಲ್ಲಿನ ಅಧಿಕಾರಿ ಅನುಪಮಾ ಹೇಳಿದ್ದಕ್ಕೆ ಒಲ್ಲದ ಮನಸ್ಸಿನಿಂದಲೇ ಹೂಂ ಅಂದಿದ್ದ.

ಪಕ್ಕದ ತೋಟದ ಕೆಂಪರಾಜು ಹೋಗಿ ನೋಡಿಕೊಂಡು ಬಂದ. ಬಂದವನೇ ಬೇಲಿಯ ಆಚೆ ನಿಂತು ದನಿ ತಗ್ಗಿಸಿದ. "ಅಲ್ಲಿರೋದು ನಿಮ್ ಕಲ್ಲಲ್ಲ ಕಣಣ್ಣ. ಅಸಲಿ ಎಲ್ಲೋ ಸಾಗ್ಸಿ ಇನ್ಯಾವ್ದೋ ನಿಲ್ಸವ್ರೆ."

ಮರುದಿನವೇ ತಿಮ್ಮರಾಯಪ್ಪ ಹೆಂಡತಿ ಅಂಬಮ್ಮನನ್ನು ಕರೆದುಕೊಂಡು ಕಡೂರಿನ ರೈಲು ಹತ್ತಿದ. ಕಂಕುಳಲ್ಲಿ ಒಂದು ಗೋಣಿಗಂಟು. ಕ್ರೇನಿನಲ್ಲಿ ಎತ್ತುವಾಗ ಕಲ್ಲಿನ ಬುಡದಿಂದ ಚಕ್ಕೆಯೊಂದು ಮುರಿದು ಬಿದ್ದಿತ್ತು. ಅದನ್ನು ಯಾರಿಗೂ ಹೇಳದೆ ದೇವರ ಮನೆಯಲ್ಲಿ ಎತ್ತಿಟ್ಟಿದ್ದ. ಮೋಸ ಹಿಡಿಯಲು ಅದೊಂದು ಸಾಕು ಎಂಬುದು ಅವನ ಲೆಕ್ಕಾಚಾರ.

ಬಾಗಿಲಲ್ಲೇ ಕಾವಲುಗಾರ ತಡೆದ. "ಏನ್ರೀ ಅದು ಗಂಟಲ್ಲಿ?"

"ಕಲ್ಲು."

"ಮ್ಯೂಸಿಯಂ ಒಳಕ್ಕೆ ಕಲ್ಲು ತಗೊಂಡು ಯಾಕ್ರೀ ಹೋಗ್ತೀರ?"

"ಹೊರಕ್ಕೆ ತಗೊಂಡು ಹೋಗೋರನ್ನ ಮೊದ್ಲು ಹಿಡೀರಿ" ಎಂದ ತಿಮ್ಮರಾಯಪ್ಪ. ಗಲಾಟೆ ಕೇಳಿ ಅನುಪಮಾ ಹೊರಗೆ ಬಂದು, ಗುರುತು ಹಿಡಿದು, ನಗುತ್ತಲೇ ಒಳಗೆ ಕರೆದಳು. ಆ ನಗುವೂ ಅವನಿಗೆ ಸರಿ ಕಾಣಲಿಲ್ಲ. ತಪ್ಪು ಮಾಡದವರು ಇಷ್ಟು ಉಪಚಾರ ಮಾಡುತ್ತಾರೆಯೇ?

ಮಣ್ಣಿನ ಮಡಕೆ, ತುಕ್ಕು ಹಿಡಿದ ಕತ್ತಿ, ಮೂಗು ಮುರಿದ ದೇವರುಗಳನ್ನೆಲ್ಲ ದಾಟಿ ಕೊನೆಯ ಕೋಣೆಗೆ ಬಂದರು. ಗೋಡೆಗೆ ಒರಗಿ ನಿಂತಿದ್ದ ಬೂದುಬಣ್ಣದ ಕಲ್ಲನ್ನು ನೋಡಿ ತಿಮ್ಮರಾಯಪ್ಪ ಗಕ್ಕನೆ ನಿಂತ. ಹುಲಿ ಇತ್ತು, ಅದರ ಬಾಯಿಗೆ ಕಠಾರಿ ತುರುಕುವ ಕೈಯೂ ಇತ್ತು. ಆದರೆ ಆ ಕೈಯಲ್ಲಿ ಬಳೆಗಳಿದ್ದವು. ತಲೆಯಲ್ಲಿ ದಪ್ಪ ತುರುಬು. ಹೆಂಗಸು!

"ಇದು ನಮ್ದಲ್ಲ!" ಅವನ ಕೂಗಿಗೆ ಕಾವಲುಗಾರ ಓಡಿಬಂದ. "ನಮ್ಮ ವೀರಪ್ಪನ್ನ ಎಲ್ಲಿಗೆ ಮಾರಿದ್ರಿ ಹೇಳ್ರಮ್ಮ!"

"ಇದೇ ನಿಮ್ಮ ಕಲ್ಲು ಯಜಮಾನ್ರೇ. ಬೆರಳು ದಪ್ಪ ಜಿಡ್ಡು ಕೂತಿತ್ತು. ಅದನ್ನ ತೆಗೆದ ಮೇಲೆ ನಮಗೂ ಆಶ್ಚರ್ಯ ಆಯ್ತು" ಎಂದು ಅನುಪಮಾ ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸಿದಳು. ಅವನು ಮುಖ ತಿರುಗಿಸಿದ. ಫೋಟೊದಲ್ಲಿ ಏನು ಬೇಕಾದರೂ ಮಾಡಬಹುದು.

ಗಂಟು ಬಿಚ್ಚಿ, ಚಕ್ಕೆ ಹಿಡಿದು ಕಲ್ಲಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಮುರಿದ ಜಾಗಕ್ಕೆ ಅದು ಕೂರಲಾರದು ಎಂಬ ಖಾತರಿಯಿಂದಲೇ ಒತ್ತಿದ. ಚಕ್ಕೆ ಸುಮ್ಮನೆ ಹೋಗಿ ಕೂತಿತು. ತೆಗೆದು, ತಿರುಗಿಸಿ ಮತ್ತೆ ಇಟ್ಟು ನೋಡಿದ. ಬೇರೆ ಹೇಗಿಟ್ಟರೂ ಕೂರಲಿಲ್ಲ. ಮೊದಲಿನಂತೆ ಇಟ್ಟಾಗ ಮಾತ್ರ, ಉಗುರು ತೂರದಷ್ಟು ಬಿಗಿಯಾಗಿ, ಹುಲಿಯ ಹಿಂಗಾಲಿನ ಪಂಜ ಪೂರ್ತಿಯಾಯಿತು.

ಅಷ್ಟು ಹೊತ್ತೂ ಬಾಗಿಲ ಬಳಿಯೇ ನಿಂತಿದ್ದ ಅಂಬಮ್ಮ ಹತ್ತಿರ ಬಂದಳು. ಮದುವೆಯಾಗಿ ಬಂದಂದಿನಿಂದ ಆ ಕಲ್ಲಿಗೆ ಅವಳು ದೂರದಿಂದ ಕೈಮುಗಿದವಳೇ ಹೊರತು ಮುಟ್ಟಿದವಳಲ್ಲ. ಹೆಂಗಸರ ನೆರಳು ಬಿದ್ದರೆ ವೀರಪ್ಪ ಮುನಿಯುತ್ತಾನೆ ಎಂಬುದು ಮನೆಯ ಕಟ್ಟಳೆ.

"ಮುಟ್ಲೇನವ್ವ?" ಎಂದು ಅನುಪಮಾಳನ್ನು ಕೇಳಿದಳು, ಗಂಡನನ್ನಲ್ಲ.

ಅನುಪಮಾ ತಲೆಯಾಡಿಸಿದಳು. ಅಂಬಮ್ಮ ಕಲ್ಲಿನ ಬಳೆಗಳ ಮೇಲೆ ಬೆರಳಾಡಿಸಿ, ತುರುಬಿನ ಮೇಲೆ ಅಂಗೈ ಇಟ್ಟು ನಿಂತಳು. "ಹೆಂಗಸಿನ ಕಲ್ಲಿಂದ ಹೆಂಗಸ್ರನ್ನೇ ಯಾಕೆ ದೂರ ನಿಲ್ಸಿದ್ರು?"

ತಿಮ್ಮರಾಯಪ್ಪ ಎದ್ದು ನಿಂತ. ಅನುಪಮಾಳಿಗೆ "ತಪ್ಪಾಯ್ತವ್ವ" ಎಂದಷ್ಟೇ ಹೇಳಿ, ಚಕ್ಕೆಯನ್ನು ಅಲ್ಲೇ ಒಪ್ಪಿಸಿ ಹೊರಬಿದ್ದ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಅನುಮಾನ ಮತ್ತೆ ತಲೆಯೆತ್ತಿತು. ಈ ಸಲ ಮ್ಯೂಸಿಯಂ ಮೇಲಲ್ಲ. ಚಿಕ್ಕಂದಿನಲ್ಲೊಮ್ಮೆ ಅವನು ಹಬ್ಬಕ್ಕೆಂದು ಆ ಕಲ್ಲನ್ನು ಸೀಗೆಪುಡಿ ಹಾಕಿ ಉಜ್ಜಲು ಹೊರಟಿದ್ದ. ಎಂದೂ ಕೈಯೆತ್ತದ ಅಜ್ಜ ಓಡಿಬಂದು ಕಪಾಳಕ್ಕೆ ಬಾರಿಸಿ, ಆ ಗಳಿಗೆಯಲ್ಲೇ ಗಿಂಡಿ ತುಂಬ ಎಣ್ಣೆ ತಂದು ಸುರಿದಿದ್ದ. ಮಡಿ ಮುರಿದನೆಂದು ಸಿಟ್ಟು ಎಂದೇ ಇಷ್ಟು ಕಾಲ ನಂಬಿದ್ದ. ಈಗ ನೆನೆದರೆ ಅಜ್ಜನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ. ಹಾಗಾದರೆ ಅಜ್ಜನಿಗೆ ಗೊತ್ತಿತ್ತೇ? ಅಜ್ಜನ ಅಪ್ಪನಿಗೆ?

"ಬರೋ ಅಮಾಸೆಗೆ ನಾನೇ ಬಂದು ಹೂವಿಡ್ತೀನಿ. ನೀವು ಬೇಕಾದ್ರೆ ಜೊತೇಲಿ ಬನ್ನಿ" ಎಂದಳು ಅಂಬಮ್ಮ.

ಹೂಂ ಎಂದನೋ ಉಹೂಂ ಎಂದನೋ, ಒಳಗೆ ಬರುತ್ತಿದ್ದ ರೈಲಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅವಳು ಎರಡನೇ ಸಲ ಕೇಳಲೂ ಇಲ್ಲ.