ಮೂರು ಸಲ ತಟ್ಟಿದರೆ ಸಾಕು

ನನ್ನ ಮೈದುನನನ್ನು ಅವನ ಚಾನೆಲ್ ನೋಡುವವರು ‘ಫಸ್ಟ್ ಅಣ್ಣ’ ಎಂದು ಕರೆಯುತ್ತಿದ್ದರು. ಹೊಸ ಫೋನ್ ಬರಲಿ, ಹಳೆ ಫೋನಿಗೆ ಹೊಸ ಅಪ್‌ಡೇಟ್ ಬರಲಿ, ಎಲ್ಲರಿಗಿಂತ ಮೊದಲು ಇವನ ವಿಡಿಯೋ ಬರುತ್ತಿತ್ತು. ಹೇಗೆ ಬರುತ್ತಿತ್ತು ಎಂಬುದು ಹೊರಗಿನವರಿಗೆ ಗೊತ್ತಿರಲಿಲ್ಲ.

ನನ್ನದು ಫೋನ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಜಾಗ, ಮೂಲೆ ಒಡೆದ ಒಂದು ಗಾಜಿನ ಕೌಂಟರು, ಒಂದು ಭೂತಗನ್ನಡಿ, ಎರಡು ಸ್ಟೂಲು. ಹನ್ನೊಂದು ವರ್ಷದಿಂದ ಅಲ್ಲಿ ಕೂತಿದ್ದೇನೆ. ಪ್ರತಿ ಅಪ್‌ಡೇಟ್ ಬಂದ ಮಾರನೆಯ ದಿನ ಗಿರಾಕಿಗಳು, ನಿನ್ನೆವರೆಗೂ ಫೋನ್ ಚೆನ್ನಾಗೇ ಇತ್ತು ಎಂದು ಬರುತ್ತಾರೆ. ತಪ್ಪು ಬ್ಯಾಟರಿಯದ್ದೋ ಅಪ್‌ಡೇಟಿನದ್ದೋ ಎಂದು ಹೇಳಲು ನನಗೆ ಮೊದಲೇ ಗೊತ್ತಿರಬೇಕು. ಕಂಪನಿಗಳು ಬಿಡುಗಡೆಗೆ ಮುಂಚೆ ಬೀಟಾ ಎಂದು ಒಂದು ಪರೀಕ್ಷೆಯ ಅಪ್‌ಡೇಟ್ ಬಿಡುತ್ತವೆ. ಅದನ್ನು ತರಿಸಿಕೊಂಡು, ನನ್ನ ಹಳೆಯ ಫೋನುಗಳಿಗೆ ಹಾಕಿ, ಎರಡು ವಾರ ಬಳಸಿ, ಏನು ಬದಲಾಗಿದೆ, ಎಷ್ಟು ಬಿಸಿಯಾಗುತ್ತದೆ, ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ ಎಂದೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಮೈದುನ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಕೈ ತೊಳೆದವನೇ ನೋಟ್‌ಬುಕ್ ತೆಗೆದು ಪುಟಗಳ ಫೋಟೋ ಹೊಡೆದುಕೊಳ್ಳುತ್ತಿದ್ದ. ಆಮೇಲೆ ವಿಡಿಯೋದಲ್ಲಿ, ಹತ್ತು ದಿನದಿಂದ ನಾನೇ ಬಳಸಿ ಹೇಳ್ತಿದ್ದೀನಿ ಎನ್ನುತ್ತಿದ್ದ. ಅಪ್‌ಡೇಟ್ ಇಳಿಸಿಕೊಳ್ಳಲು ಒಂದು ಗಂಟೆ ಬೇಕು, ಅದರ ಗುಣ ತಿಳಿಯಲು ನಾಲ್ಕು ದಿನ ಬೇಕು. ಅವನಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮನೆಯ ಹುಡುಗ, ಮುಂದೆ ಬರಲಿ ಎಂದು ನಾನೂ ಸುಮ್ಮನಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಒಂದು ದಿನ ಅಂಗಡಿಗೆ ಬಂದು, ಸುಮ್ಮನೆ ನಾಲ್ಕು ಶಾಟ್ ಬೇಕು ಅತ್ತಿಗೆ ಎಂದ. ಯಾರೋ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಕೆಡಿಸಿಕೊಂಡಿದ್ದ ಫೋನು ಬಿಚ್ಚುತ್ತಿದ್ದೆ; ಬ್ಯಾಟರಿ ಉಬ್ಬಿತ್ತು. ಅದನ್ನು ತೆಗೆಯುವುದನ್ನು ಅವನು ಚಿತ್ರಿಸಿಕೊಂಡ. ವಾರ ಕಳೆದ ಮೇಲೆ ವಿಡಿಯೋ ಬಂತು. ಗಲ್ಲಿ ರಿಪೇರಿಯವರು ಹಾಕುವ ಡೂಪ್ಲಿಕೇಟ್ ಬ್ಯಾಟರಿ ಹೇಗೆ ಉಬ್ಬುತ್ತದೆ ನೋಡಿ, ಇಂಥವರನ್ನು ನಂಬಬೇಡಿ ಎಂದು ಅವನ ಮಾತು. ಪರದೆಯ ಮೇಲೆ ನನ್ನ ಕೈ.

ಮುಖ ಇರಲಿಲ್ಲ, ನಿಜ. ಆದರೆ ಹೆಬ್ಬೆರಳಿನ ಮೇಲೆ ಕಾದ ಸೋಲ್ಡರಿಂಗ್ ಕಡ್ಡಿ ತಗುಲಿ ಸುಟ್ಟ ಕಲೆ ಇತ್ತು, ಮೂಲೆ ಒಡೆದ ಗಾಜು ಇತ್ತು. ನಮ್ಮ ಬೀದಿಯಲ್ಲಿ ಅದನ್ನು ಗುರುತಿಸದವರು ಯಾರು? ಎಂಟು ವರ್ಷದಿಂದ ಮನೆಮಂದಿಯ ಫೋನೆಲ್ಲ ನನಗೇ ಕೊಡುತ್ತಿದ್ದ ಶಾಲೆಯ ಟೀಚರು, ಬೇರೆ ಕಡೆ ತೋರಿಸ್ತೀನಿ ಬಿಡಮ್ಮ ಎಂದು ಬಿಚ್ಚಿದ ಫೋನನ್ನೇ ತೆಗೆದುಕೊಂಡು ಹೋದರು. ಇನ್ನೊಬ್ಬರು ಸ್ಟೂಲಿನ ಮೇಲೆ ಕೂತು, ಜೇಬುಗಳ್ಳಿಯನ್ನು ಕಾಯುವ ಹಾಗೆ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಯಾರೂ ನನ್ನ ಕೈಯನ್ನು ಹಾಗೆ ನೋಡಿರಲಿಲ್ಲ.

ಅದನ್ನು ತೆಗೆದುಬಿಡು ಎಂದು ಮೈದುನನಿಗೆ ಫೋನ್ ಮಾಡಿದೆ.

“ಅತ್ತಿಗೆ, ನಾಲ್ಕು ಲಕ್ಷ ಜನ ನೋಡಿದ್ದಾರೆ. ತೆಗಿ ಅಂದ್ರೆ ಹೇಗೆ ತೆಗೀಲಿ? ನಿಮ್ಮ ಮುಖ ಏನೂ ತೋರಿಸಿಲ್ಲವಲ್ಲ,” ಎಂದು ನಕ್ಕ.

ನನ್ನ ಗಂಡ ತಮ್ಮನಿಗೆ ಎರಡು ಮಾತು ಬೈದರು. ಅದು ಗೋಡೆಗೆ ಬೈದ ಹಾಗಾಯಿತು. ಅತ್ತೆ ಮಾತ್ರ, ಅವನು ನಿನ್ನ ಹೆಸರು ಹೇಳಿದ್ದಾನಾ, ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ ಎಂದರು. ಆ ಮಾತು ಒಳಗೆ ಎಲ್ಲೋ ನಾಟಿ ಕೂತಿತು.

ಮುಂದಿನ ಭಾನುವಾರ ಅವನು ಬಂದಾಗ ಎಂದಿನಂತೆ ಬಡಿಸಿದೆ. ಸಿಟ್ಟನ್ನು ಮುಖದ ಮೇಲೆ ಹಾಕಿಕೊಂಡರೆ ಅದು ಅಲ್ಲೇ ಖರ್ಚಾಗಿ ಹೋಗುತ್ತದೆ.

ಆ ವರ್ಷದ ದೊಡ್ಡ ಅಪ್‌ಡೇಟ್ ಬರುವುದರಲ್ಲಿತ್ತು. ಬೀಟಾ ಬಳಸಿ ಇಪ್ಪತ್ತೆರಡು ಅಂಶ ಬರೆದೆ. ಇಪ್ಪತ್ತೊಂದು ನಿಜ. ಉಳಿದ ಒಂದಕ್ಕಾಗಿ ಮೂರು ದಿನ ತಲೆ ಕೆಡಿಸಿಕೊಂಡೆ. ಯಾರ ಫೋನೂ ಸಾಯಬಾರದು, ಯಾರ ಫೋಟೋವೂ ಹೋಗಬಾರದು, ಯಾರಿಗೂ ಕರೆ ತಪ್ಪಬಾರದು. ಕೊನೆಗೆ ಹದಿನೇಳನೆಯದಾಗಿ ಹೀಗೆ ಬರೆದೆ: ಅಲಾರಾಂ ಹೊಡೆಯುವಾಗ ಫೋನಿನ ಬೆನ್ನಿಗೆ ಮೂರು ಸಲ ತಟ್ಟಿದರೆ ಸಾಕು, ನಿಲ್ಲುತ್ತದೆ.

ಅಂಥದ್ದೇನೂ ಅದರಲ್ಲಿರಲಿಲ್ಲ. ಒಂದೇ ಒಂದು ಸಲ ತಾನೇ ಮಾಡಿ ನೋಡಿದ್ದರೆ ತಿಳಿಯುತ್ತಿತ್ತು. ತಪ್ಪಿಸಿಕೊಳ್ಳಲು ಅಷ್ಟು ಅಗಲದ ಬಾಗಿಲು ಬಿಟ್ಟೇ ಇಟ್ಟಿದ್ದೆ.

ಬಿಡುಗಡೆಯಾದ ದಿನ ಬೆಳಗ್ಗೆ ಹನ್ನೊಂದಕ್ಕೆಲ್ಲ ವಿಡಿಯೋ ಬಂತು. ಬೇರೆ ಯಾರೂ ಹೇಳದ ರಹಸ್ಯ ಎಂದು ಹದಿನೇಳನೆಯದನ್ನೇ ಮೊದಲಿಗೆ ಇಟ್ಟಿದ್ದ. ಬರೀ ಹೇಳಿದ್ದರೂ ಒಂದು ಮಾತಿತ್ತು, ಮಾಡಿಯೂ ತೋರಿಸಿದ್ದ. ಅಲಾರಾಂ ಹೊಡೆಯಿತು, ಮೂರು ಸಲ ತಟ್ಟಿದ, ಸದ್ದು ನಿಂತಿತು. ನಾನು ಆ ಜಾಗವನ್ನು ನಾಲ್ಕು ಸಲ ನೋಡಿದೆ.

ಫೋನ್ ಹುಚ್ಚಿನವರ ಕಣ್ಣು ಬಹಳ ಚುರುಕು. ಮಧ್ಯಾಹ್ನದ ಹೊತ್ತಿಗೆ ಲಕ್ಷ ಜನ ತಮ್ಮ ಫೋನಿನ ಬೆನ್ನು ಬಡಿದು ನೋಡಿದ್ದರು. ಸಂಜೆಗೆ ಯಾರೋ ವಿಡಿಯೋವನ್ನು ನಿಧಾನವಾಗಿ ಓಡಿಸಿ, ಪರದೆಯ ಮೂಲೆ ದೊಡ್ಡದು ಮಾಡಿ ಹಾಕಿದರು. ತಟ್ಟುವ ಮುಂಚೆ ಗಡಿಯಾರ ಒಂಬತ್ತು ನಾಲ್ಕು, ತಟ್ಟಿದ ಮೇಲೆ ಒಂಬತ್ತು ಹನ್ನೊಂದು; ನಡುವೆ ಕತ್ತರಿಸಿ ಜೋಡಿಸಿದ್ದ. ಬ್ಯಾಟರಿಯ ಚಿಹ್ನೆ ಹಳೆಯ ಅಪ್‌ಡೇಟಿನದು. ಹತ್ತು ದಿನದಿಂದ ಬಳಸುತ್ತಿರುವವನ ಫೋನಿಗೆ ಅಪ್‌ಡೇಟೇ ಆಗಿರಲಿಲ್ಲ. ಅವನ ಹೆಸರು ‘ತಟ್ಟಣ್ಣ’ ಆಯಿತು. ಮುಂದಿನ ವಾರ ಹೊಸ ಫೋನಿನ ಬಿಡುಗಡೆಗೆ ಅವನನ್ನು ಕರೆದಿದ್ದ ಕಂಪನಿ, ಬರಬೇಕಿಲ್ಲ ಎಂದು ಪತ್ರ ಕಳಿಸಿತು.

ಮಾರನೆಯ ದಿನ ಅಂಗಡಿಗೆ ಬಂದ. ಗಿರಾಕಿಯೊಬ್ಬರ ಕೆಲಸ ನಡೆದಿತ್ತು. ಕೂತಿರು ಎಂದೆ. ಮುಕ್ಕಾಲು ಗಂಟೆ ಕೂತ. ಗಿರಾಕಿ ಹೋದ ಮೇಲೆ, ಬೇಕೂಂತ ಬರೆದಿದ್ದಾ ಎಂದು ಕೇಳಿದ. ಹೌದು ಎಂದೆ.

“ನಾನು ನಿಮ್ಮನ್ನ ನಂಬಿದ್ದೆ ಅತ್ತಿಗೆ.”

“ನಂಬಬೇಡಿ ಅಂತ ನಾಲ್ಕು ಲಕ್ಷ ಜನಕ್ಕೆ ಹೇಳಿದೋನು ನೀನೇ ಕಣಪ್ಪ.”

ಸ್ಟೂಲನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡ. ದನಿ ವ್ಯಾಪಾರದ್ದಾಯಿತು. ಅಂಗಡಿಯನ್ನು ಹೊಗಳಿ ಒಂದು ಒಳ್ಳೆಯ ವಿಡಿಯೋ ಮಾಡುವುದಾಗಿಯೂ, ಹದಿನೇಳನೆಯದು ಕೈತಪ್ಪಿನಿಂದ ಆದದ್ದು ಎಂದು ನಾನು ಅದರಲ್ಲಿ ಒಪ್ಪಿಕೊಂಡರೆ ಇಬ್ಬರಿಗೂ ಒಳ್ಳೆಯದೆಂದೂ ಹೇಳಿದ. ನಿನ್ನ ಬಾಯಿಂದ ಹೊಗಳಿಸಿಕೊಂಡರೆ ಉಳಿದ ನಾಲ್ಕು ಗಿರಾಕಿಗಳೂ ಓಡಿಹೋಗುತ್ತಾರೆ ಎಂದೆ. ಹಳೆಯ ವಿಡಿಯೋ ತೆಗೆಯಬೇಕು, ಆ ಬ್ಯಾಟರಿ ಬಿಸಿಲಿಗೆ ಉಬ್ಬಿದ್ದು, ನಾನು ಹಾಕಿದ್ದಲ್ಲ ಎಂದು ಹೇಳಬೇಕು. ನನಗೆ ಬೇಕಾದದ್ದು ಅಷ್ಟೇ.

ಜನ ಇನ್ನೂ ನೋಡುತ್ತಿರುವುದು ಅದೊಂದನ್ನೇ, ಅದನ್ನು ಹೇಗೆ ತೆಗೆಯಲಿ ಎಂದು ರಾಗ ಎಳೆದ.

“ಇರಲಿ ಬಿಡು. ಮೂರು ವರ್ಷದಲ್ಲಿ ನನ್ನ ಪುಸ್ತಕ ನೋಡಿ ಎಷ್ಟು ವಿಡಿಯೋ ಮಾಡಿದ್ದೀಯ?”

“ಇನ್ನೂರರ ಮೇಲೆ.”

“ಹದಿನೇಳನೇದು ಒಂದೇ ಸುಳ್ಳು ಅಂತ ನಿನಗ್ಯಾರು ಹೇಳಿದ್ದು?”

ಅವನು ಸ್ಟೂಲಿನಿಂದ ಎದ್ದು ನಿಂತ. ಇನ್ನೆಷ್ಟು ಇವೆ, ಯಾವ್ಯಾವುದು ಎಂದು ಕೇಳಿದ. ನಾನು ಭೂತಗನ್ನಡಿ ಎಳೆದುಕೊಂಡು ಮುಂದಿನ ಫೋನಿನ ತಿರುಪು ಬಿಚ್ಚತೊಡಗಿದೆ. ಮೂರು ಸಲ ಕೇಳಿದ. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಆ ಹಳೆಯ ವಿಡಿಯೋವನ್ನು ಚಾನೆಲ್‌ನಿಂದ ತೆಗೆದುಹಾಕಿದ. ಬ್ಯಾಟರಿಯ ವಿಷಯ ನನ್ನ ಕೌಂಟರಿನ ಮುಂದೆಯೇ ನಿಂತು ಹೇಳಿ ಹೊಸ ವಿಡಿಯೋ ಹಾಕಿದ. ಎರಡು ಸಲ ತೊದಲಿದ. ಅದನ್ನು ಕತ್ತರಿಸಲು ನಾನು ಬಿಡಲಿಲ್ಲ.

ತಿಂಗಳೊಳಗೆ ಟೀಚರು ತಮ್ಮ ಫೋನಿನೊಂದಿಗೆ ಮಗಳ ಫೋನನ್ನೂ ತಂದರು. ಸ್ಟೂಲಿನ ಮೇಲೆ ಕೂರಲಿಲ್ಲ, ಸಂಜೆ ಬರ್ತೀನಿ ಎಂದು ಹೋದರು.

ಮೈದುನ ಈಗ ಹಳೆಯ ಫೋನುಗಳನ್ನು ಹುಡುಕಿ ತಂದು ತನ್ನ ವಿಡಿಯೋಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದಾನೆ. ಅವನ ಕೋಣೆಯ ತುಂಬ ಚಾರ್ಜರು, ಕಣ್ಣು ಗುಳಿ ಬಿದ್ದಿದೆ ಎಂದು ಅತ್ತೆ ಹೇಳಿದರು. ಎಂಬತ್ತು ಮುಗಿದಿವೆಯಂತೆ, ಒಂದೂ ಸುಳ್ಳು ಸಿಕ್ಕಿಲ್ಲವಂತೆ. ಸಿಗದಿದ್ದಷ್ಟೂ ಅವನ ಭಯ ಹೆಚ್ಚುತ್ತಿದೆ. ಎಷ್ಟಿವೆ ಅಂತ ಹೇಳಿಬಿಡಮ್ಮ, ಹುಡುಗ ಸೊರಗಿಹೋಗಿದ್ದಾನೆ ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು.

ಇದ್ದದ್ದು ಒಂದೇ. ಅತ್ತೆಗೆ ನಾನು, ಸರಿಯಾಗಿ ನೆನಪಿಲ್ಲ, ಐದೋ ಆರೋ ಇರಬೇಕು ಎಂದೆ.