ಪಾಲಿಶ್ ಹಚ್ಚದ ನಾಲ್ಕು ಅಂಕಿ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಬಹಳ ದಿನ ಯೋಚಿಸಿದೆ. ಓದುವವರು ಕ್ಷಮಿಸಬೇಕು. ನಾನು ಕಥೆ ಬರೆಯುವವನಲ್ಲ. ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವನು. ಇದನ್ನು ಹೇಳಬೇಕಾದವಳು ಕಳಕಮ್ಮ. ಆಕೆಗೆ ಅಂಕಿ ಬರುತ್ತವೆ, ಅಕ್ಷರ ಬರುವುದಿಲ್ಲ. ಆ ಅಂಕಿ ಕಲಿಸಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಾದರೂ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಂಡಿದ್ದರೆ ಆ ಮಾತನ್ನು ನಂಬಬೇಡಿ.

ಗಂಗಾವತಿಯ ಅಕ್ಕಿ ಗಿರಣಿಗಳ ಸಾಲು ಮುಗಿಯುವ ಕಡೆ ಪ್ರಭುರಾಜರ ಹಳೆ ಕಾರಿನ ಅಂಗಳವಿದೆ. ಹಳೆಯ ಗಾಡಿ ಕೊಂಡು, ತೊಳೆದು, ಮಿಂಚಿಸಿ ಮಾರುವ ಜಾಗ. ನಾನು ಕಾಗದಪತ್ರ ಬರೆಯುತ್ತಿದ್ದೆ. ಕಳಕಮ್ಮನದು ಟೈರಿನ ಕೆಲಸ. ಐವತ್ತರ ಹತ್ತಿರದ ಹೆಂಗಸು. ಸಿಮೆಂಟು ನೆಲ ಕಾಯುತ್ತದೆಂದು ಹರಿದ ಟ್ಯೂಬಿನ ತುಂಡು ಹಾಸಿಕೊಂಡು ಕೂಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಕುಂತಲ್ಲೇ ಸರಿಯುತ್ತಿದ್ದಳು. ಬೆರಳ ಸಂದಿಯ ಕಪ್ಪು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ರೊಟ್ಟಿಯನ್ನು ಪೇಪರಿನಲ್ಲಿ ಹಿಡಿದು ತಿನ್ನುತ್ತಿದ್ದಳು. ಬರಿಗೈಲಿ ಮುರಿದರೆ ಬಿಳಿ ರೊಟ್ಟಿಯ ಮೇಲೆ ಬೆರಳಿನ ಗುರುತು ಮೂಡುತ್ತಿತ್ತು.

ಟೈರಿಗೆ ಪಾಲಿಶ್ ಹಚ್ಚುವುದು ಯಾರಿಗಾದರೂ ಬರುವ ಕೆಲಸವೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಸೋಡಾಪುಡಿಯ ನೀರಿನಲ್ಲಿ ಉಜ್ಜಬೇಕು. ಕಂದು ನೊರೆ ಬೆಳ್ಳಗಾಗುವವರೆಗೆ ಬ್ರಷ್ ಬಿಡಬಾರದು. ನೆರಳಿನಲ್ಲಿ ಒಣಗಬೇಕು. ಆಮೇಲೆ ಸ್ಪಂಜಿನಿಂದ ಟೈರಿನ ಪಕ್ಕೆಗೆ ಮಾತ್ರ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಅರಿವೆಯಿಂದ ಒರೆಸಬೇಕು. ಒರೆಸದಿದ್ದರೆ ಗಾಡಿ ಓಡುವಾಗ ಚಿಮ್ಮಿ ಬಣ್ಣದ ಮೇಲೆ ಕಲೆ ಬೀಳುತ್ತದೆ.

"ಮಾರಿಗಿ ಪೌಡರ್ ಹಚ್ಚಿದಂಗ ಹಚ್ಚಬೇಕು ತಮ್ಮಾ," ಅನ್ನುತ್ತಿದ್ದಳು. "ಗ್ವಾಡಿಗಿ ಸುಣ್ಣ ಹೊಡದಂಗಲ್ಲ."

ಹೊಸ ಡಬ್ಬಿ ಬಂದಾಗ ನನ್ನ ಮೇಜಿನ ಮೇಲೆ ಇಡುತ್ತಿದ್ದಳು. "ಏನ ಬರದಾರ ಓದು." ನಾನು ಓದುತ್ತಿದ್ದೆ. ನೀರಿನಲ್ಲಿ ಕಲಸಿದ್ದು, ಎಣ್ಣೆಯದ್ದಲ್ಲ. ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಬಾರದು.

"ಅಷ್ಟು ನನಗ ಗೊತ್ತಿತ್ತು ಬಿಡು. ನೆಲ ಹಿಡಿಯೋ ಅಂಗಾಲಿಗಿ ಯಾರರ ಎಣ್ಣಿ ಹಚ್ಚತಾರೇನು?"

ಒಂದು ದಿನ ಟೈರಿನ ಪಕ್ಕೆಯಲ್ಲಿ ಉಬ್ಬಿದ ಅಂಕಿಗಳನ್ನು ತೋರಿಸಿ ಇದೇನು ಎಂದು ಕೇಳಿದಳು. ನನಗೂ ಒಬ್ಬ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಸಣ್ಣ ಗೆರೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲಿನ ಎರಡಂಕಿ ಎಷ್ಟನೆಯ ವಾರ ಎಂದು, ಕೊನೆಯ ಎರಡಂಕಿ ಯಾವ ವರ್ಷ ಎಂದು. ಟೈರು ಹುಟ್ಟಿದ ದಿನ. ಒಂದು ವಾರದಲ್ಲಿ ಆಕೆ ಕಲಿತುಬಿಟ್ಟಳು. ಅಲ್ಲಿಂದ ಪ್ರತಿ ಗಾಡಿಯ ಮುಂದೆ ಇದೇ ಆಟ.

"ಇದು ಎರಡು ವರ್ಷದ ಕೂಸು."

"ಇದು ಸಾಲಿ ಬಿಟ್ಟ ಉಡಾಳ."

"ಈ ಮುದುಕಗ ಇನ್ನ ಪೆನ್ಶನ್ ಕೊಟ್ಟ ಕಳಸ್ರಿ."

ಐವತ್ತು ವರ್ಷ ಬದುಕಿದ ಮೇಲೆ ಆಕೆ ಓದಿದ ಮೊದಲ ಓದು ಅದು. ಅದರ ಸಂತೋಷ ನಾನು ಕಣ್ಣಾರೆ ಕಂಡಿದ್ದೇನೆ.

ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ಪ್ರಭುರಾಜರು ಇಪ್ಪತ್ತು ಲೀಟರಿನ ಒಂದು ಕ್ಯಾನು ತಂದರು. ಅದರ ಮೇಲೆ ಓದಲು ಏನೂ ಇರಲಿಲ್ಲ. ಮುಚ್ಚಳ ತೆಗೆದರೆ ಡೀಸೆಲ್ ವಾಸನೆ. ಕಳಕಮ್ಮ ಹಳೆಯ ಟೈರಿನ ತುಂಡೊಂದಕ್ಕೆ ಹಚ್ಚಿ ನೋಡಿದಳು. ಕೂದಲೆಳೆಯಂಥ ಬಿರುಕುಗಳೆಲ್ಲ ಕಣ್ಣಮುಂದೆಯೇ ಮಾಯವಾದವು.

"ಆ ಡಬ್ಬೀದು ಹಾಲಿನಂಥಾ ಪಾಲಿಶ್, ಬಿರುಕ ಮುಚ್ಚಂಗಿಲ್ಲ. ಇದು ಮುಚ್ಚತೈತಿ. ಅದಕ್ಕ ತಂದಾರ," ಅಂದಳು ನನಗೆ. ಆಮೇಲೆ ಎದ್ದು ಹೋಗಿ ಅವರಿಗೂ ಹೇಳಿದಳು. "ಸಾವ್ಕಾರ್ರ, ಈ ಎಣ್ಣಿ ರಬ್ಬರ್ ತಿಂತೈತ್ರಿ. ಹಳೇದ ತರಸ್ರಿ."

"ನಿನ್ನ ಹಚ್ಚಾಕ ಇಟ್ಕೊಂಡೀನಿ, ಡಾಕ್ಟರಕಿ ಮಾಡಾಕಲ್ಲ," ಅಂದರು ಪ್ರಭುರಾಜರು. ಅವರು ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿದರು. ಅಲ್ಲಿದ್ದವರೂ ನಕ್ಕರು. ನಾನೂ ನಕ್ಕೆನೇನೋ.

ಮಾರ್ಚಿನಲ್ಲಿ ಒಂದು ಬಿಳಿ ವ್ಯಾನು ಬಂತು. ಅದರ ಟೈರು ಚೆನ್ನಾಗಿದ್ದವು. ಪ್ರಭುರಾಜರು ಆ ನಾಲ್ಕನ್ನೂ ಬಿಚ್ಚಿಸಿ ಬೇರೆ ಮಾರಲು ತೆಗೆದಿಟ್ಟರು. ಶೆಡ್ಡಿನ ಅಟ್ಟದಿಂದ ಬೇರೆ ನಾಲ್ಕು ಇಳಿಸಿ ಹಾಕಿಸಿದರು. ಹೆಚ್ಚು ಓಡದ ಟೈರು. ನೆಲ ಹಿಡಿಯುವ ಗೀರುಗಳು ಆಳವಾಗಿ ಹೊಸದರಂತೆ ಇದ್ದವು. ಆದರೆ ಅಟ್ಟದ ಕಾವಿಗೆ, ಧೂಳಿಗೆ ಬಿದ್ದು ಬಿದ್ದು ರಬ್ಬರು ಸತ್ತುಹೋಗಿತ್ತು. ಕಳಕಮ್ಮ ಹೆಬ್ಬೆರಳಿನಿಂದ ಧೂಳು ಒರೆಸಿ ಅಂಕಿ ಓದಿದಳು.

"ಮೂವತ್ತೆಂಟು, ಹನ್ನೆಲ್ಡು."

ಎರಡು ಸಾವಿರದ ಹನ್ನೆರಡನೆಯ ಇಸವಿಯ ಟೈರು, ಹತ್ತು ವರ್ಷ ದಾಟಿದ್ದು. ನಾಲ್ಕಕ್ಕೂ ಅದೇ ಅಂಕಿ.

"ಕರ್ರಗ ಮಾಡವಾ," ಅಂದರು ಪ್ರಭುರಾಜರು. "ಗೀರಿನ ಒಳಗೂ ಹಚ್ಚು. ಫೋಟೋ ತಗೀಬೇಕು."

"ನೆಲಕ್ಕ ತಾಗೋ ಕಡೆ ಬ್ಯಾಡ್ರಿ ಸಾವ್ಕಾರ್ರ. ಜಾರತೈತಿ."

"ನಾಕ ದಿನ ಓಡಿದ್ರ ಅಳಸಿ ಹೋಗತೈತಿ. ಹಚ್ಚು."

ಆಕೆ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ವ್ಯಾನು ನಾಲ್ಕು ಹೊಸ ಬೂಟು ಹಾಕಿಕೊಂಡಂತೆ ನಿಂತಿತ್ತು. ನಾನು ಸುತ್ತ ನೋಡಿಕೊಂಡು ಬರುವಾಗ, ಮುಂದಿನ ಎಡಗಡೆಯ ಟೈರಿನಲ್ಲಿ ಒಂದು ಕಡೆ ಪಾಲಿಶ್ ಇರಲಿಲ್ಲ. ಎರಡು ಬೆರಳಿನಷ್ಟು ಜಾಗ. ನಾಲ್ಕು ಅಂಕಿಗಳು ಬೂದು ಬಣ್ಣದಲ್ಲಿ ಒಣಗಿ, ಸ್ವಚ್ಛವಾಗಿ ಕಾಣುತ್ತಿದ್ದವು.

"ಅಲ್ಲಿ ಯಾಕ ಬಿಟ್ಟಿ ಅಕ್ಕಾ?"

ಆಕೆ ದನಿ ಇಳಿಸಿದಳು. "ಓದು ಬರೋರು ಬಂದ್ರ ಓದ್ಕೊಳ್ಳಲಿ. ನಾ ಬಾಯಿ ಬಿಟ್ಟಂಗೂ ಆಗಂಗಿಲ್ಲ, ಮೋಸ ಮಾಡಿದಂಗೂ ಆಗಂಗಿಲ್ಲ. ನನ್ನಂಥಾಕಿಗೇ ತಿಳದೈತಂದ್ರ ಸಾಲಿ ಕಲತವರಿಗಿ ತಿಳಿಯಂಗಿಲ್ಲೇನು?"

ತಿಳಿಯುವುದಿಲ್ಲ ಅಕ್ಕಾ, ಬಹಳ ಜನಕ್ಕೆ ತಿಳಿಯುವುದಿಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಆಕೆಗೆ ಓದು ಅಂದರೆ ಆ ನಾಲ್ಕು ಅಂಕಿಯೇ ಆಗಿತ್ತು. ಓದು ಬಂದವರಿಗೆಲ್ಲ ಅದು ಮೊದಲು ಬರುತ್ತದೆಂದು ನಂಬಿದ್ದಳು. ಆ ನಂಬಿಕೆ ಒಡೆಯಲು ನನಗೆ ಮನಸ್ಸಾಗಲಿಲ್ಲವೋ, ಧೈರ್ಯವಾಗಲಿಲ್ಲವೋ.

ಎರಡು ದಿನದ ಮೇಲೆ ಹುಲಿಹೈದರ ಊರಿನಿಂದ ಬಾಬಾಸಾಬ, ಸರ್ದಾರಬೀ ಬಂದರು. ಗಂಡ ಹೆಂಡತಿ ಬಳೆ ವ್ಯಾಪಾರದವರು. ಮೂವತ್ತು ವರ್ಷ ಬಳೆ ಪೆಟ್ಟಿಗೆ ಹೊತ್ತು, ಬಸ್ಸು ಹತ್ತಿ ಇಳಿದು, ಸಂತೆ ಸಂತೆ ತಿರುಗಿದವರು. ಬಾಬಾಸಾಬರು ಶರ್ಟಿನ ಜೇಬಿನಲ್ಲಿ ಕನ್ನಡಕ, ಕೈಯಲ್ಲಿ ಅವತ್ತಿನ ಪೇಪರು ಇಟ್ಟುಕೊಂಡಿದ್ದರು. ಅದನ್ನು ಕಂಡು ಕಳಕಮ್ಮನ ಮುಖ ಅರಳಿತು. ಓದು ಬರುವವರು ಬಂದರು ಎಂದುಕೊಂಡಳು.

ಸರ್ದಾರಬೀ ವ್ಯಾನಿನ ಬಾಗಿಲು ತೆಗೆದು ಒಳಗೆ ಕೂತು ನೋಡಿದರು. ಇಳಿಯುವಾಗ ಟೈರಿಗೆ ಕೈ ಊರಿದರು. ಅಂಗೈ ಕರ್ರಗಾಯಿತು.

"ಅಯ್ಯ, ಇದೇನವ್ವಾ ಇಷ್ಟು ಕಾಡಿಗಿ ಬಳದೀರಿ? ಗಾಡಿಗಿ ಮದುವಿ ಏನು?"

ಕಳಕಮ್ಮ ಸೀಮೆಎಣ್ಣೆಯ ಅರಿವೆ ತಂದು ಅವರ ಅಂಗೈ ಒರೆಸಿದಳು. ಸರ್ದಾರಬೀ ಆಕೆಯ ಮುಂಗೈಯನ್ನು ಬಳೆಗಾರ್ತಿಯ ಅಭ್ಯಾಸದಿಂದ ಅದುಮಿ ನೋಡಿದರು. "ಸಣ್ಣ ಕೈ ಐತಿ ನಿಂದು. ಬಳಿ ಯಾಕ ಹಾಕ್ಕೊಂಡಿಲ್ಲವಾ?"

"ಈ ಕೆಲಸದಾಗ ಉಳಿಯಂಗಿಲ್ರಿ. ಸೋಡಾ ನೀರಾಗ ಜಾರಿ ಒಡೀತಾವ."

"ಗಟ್ಟಿ ಬಳಿ ಅದಾವ ನನ್ನ ಹಂತ್ಯಾಕ. ಸಂತಿಗಿ ಹೋಗಾಗ ಈ ಕಡೆ ಬಂದು ನಾನ ಇಡಸ್ತೀನಿ. ಈಗ ಗಾಡಿ ಬಂತಲ್ಲ, ನಡದು ಬರೋದೇನೈತಿ?"

ಬಾಬಾಸಾಬರು ಕನ್ನಡಕ ಹಾಕಿಕೊಂಡು ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಮುಂದಿನ ಎಡಗಡೆ ಟೈರಿನ ಹತ್ತಿರ ನಿಂತರು. ಬಗ್ಗಿದರು. ಕಳಕಮ್ಮ ಅರಿವೆ ಕೆಳಗಿಟ್ಟು ಅವರನ್ನೇ ನೋಡಿದಳು.

"ಏನವಾ, ಇಲ್ಲೊಂದು ಕಡೆ ಮರತ ಬಿಟ್ಟೀಯಲ್ಲ," ಅಂದರು ಬಾಬಾಸಾಬರು, ಬಹಳ ಸಂಭಾವಿತರಾಗಿ. "ಇದಕ್ಕೂ ಒಂದೀಟು ಹಚ್ಚಿಬಿಡವಾ. ಇಷ್ಟು ಛಲೋ ಮಾಡೀರಿ, ಅದೊಂದ ಕಾಣತೈತಿ."

ಪ್ರಭುರಾಜರು ಆ ಜಾಗ ನೋಡಿದರು. ಕಳಕಮ್ಮನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು.

"ಹಚ್ಚವಾ ಕಳಕವ್ವ," ಅಂದರು. "ಗಿರಾಕಿ ಹೇಳಾಕ ಹತ್ಯಾರಲ್ಲ."

ಕಳಕಮ್ಮ ಸ್ಪಂಜು ತೆಗೆದುಕೊಂಡಳು. ಕುಂತಲ್ಲೇ ಸರಿದಳು. ಹಚ್ಚಿದಳು.

ವ್ಯಾನು ಕೊಡುವಾಗ ಒಂದು ಕಾಗದ ತುಂಬಬೇಕಿತ್ತು. ಎಂಜಿನ್, ಬ್ರೇಕು, ಟೈರು, ಪ್ರತಿಯೊಂದರ ಮುಂದೆ 'ನೋಡಿದವರು' ಎಂಬ ಸಾಲು. ಟೈರಿನ ಸಾಲಿನಲ್ಲಿ ಕಳಕಮ್ಮನ ಹೆಸರು ಬರೆಯಲು ಪ್ರಭುರಾಜರು ಹೇಳಿದರು. ಬರೆದೆ. 'ಟೈರು ಉತ್ತಮ ಸ್ಥಿತಿಯಲ್ಲಿವೆ' ಎಂದೂ ಬರೆದೆ. ನನ್ನ ಅಕ್ಷರ ದುಂಡಗೆ ಇವೆ ಎಂದು ಸಂಜೆ ಕಾಲೇಜಿನಲ್ಲಿ ಹೊಗಳುತ್ತಿದ್ದರು. ಹೆಬ್ಬೆಟ್ಟು ಒತ್ತಿಸಲು ಇಂಕಿನ ಪ್ಯಾಡು ಬೇಕಾಗಲಿಲ್ಲ. ಆಕೆಯ ಹೆಬ್ಬೆರಳು ಕರ್ರಗೇ ಇತ್ತು.

"ಏನ ಬರದಿ?" ಎಂದು ಕೇಳಿದಳು.

"ನಿನ್ನ ಹೆಸರು," ಅಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟರು. "ಇಡ್ರಿ, ಇಡ್ರಿ, ಒಳ್ಳೇದಾದ್ರ ಸಾಕು," ಅಂದರು ಬಾಬಾಸಾಬ. ಹಣ್ಣು ಅಪ್ಪಚ್ಚಿಯಾಗಿ ವ್ಯಾನು ಮುಂದೆ ಹೋಯಿತು. ಸರ್ದಾರಬೀ ಕಿಟಕಿಯಿಂದ ಕೈ ಹೊರಗೆ ಹಾಕಿ, ತಮ್ಮ ಮುಂಗೈ ಮುಟ್ಟಿ ತೋರಿಸಿದರು. ಬಳೆ ಮರೆಯುವುದಿಲ್ಲ ಎಂಬಂತೆ.

ಹನ್ನೊಂದನೆಯ ದಿನ, ಕನಕಗಿರಿ ರಸ್ತೆಯಲ್ಲಿ, ನಡು ಮಧ್ಯಾಹ್ನ, ಮುಂದಿನ ಟೈರು ಒಡೆದು ವ್ಯಾನು ಹೊಲಕ್ಕೆ ಉರುಳಿತು. ಬಾಬಾಸಾಬರ ತೊಡೆ ಮುರಿಯಿತು. ಸರ್ದಾರಬೀ ಅಲ್ಲೇ ತೀರಿಕೊಂಡರು. ಬಿಸಿಲಿಗೆ ಹೊಲದ ತುಂಬ ಬಳೆ ಚೂರು ಹೊಳೆಯುತ್ತಿದ್ದವು ಎಂದು ನೋಡಿ ಬಂದವರು ಹೇಳಿದರು. ಕಳಕಮ್ಮ ಒಂದೇ ಪ್ರಶ್ನೆ ಕೇಳಿದಳು. "ಯಾವ ಕಡೀ ಟೈರು?" ಅವರು ಎಡಗಡೆಯದು ಅಂದರು. ಆಕೆ ಟ್ಯೂಬಿನ ತುಂಡಿನ ಮೇಲೆ ಕೂತಳು. ಸಂಜೆಯವರೆಗೆ ಏಳಲಿಲ್ಲ.

ಅದಾದ ಮೂರನೆಯ ದಿನ ಪೊಲೀಸರು ಬಂದರು. ಪ್ರಭುರಾಜರು ಕಾಗದ ತೋರಿಸಿದರು. "ಟೈರು ಎಲ್ಲಾ ಈಕೀನ ನೋಡತಾಳ್ರಿ. ನೆಲ ಮುಟ್ಟೋ ಕಡೆನೂ ಎಣ್ಣಿ ಬಳದಾಳ. ತಿಳವಳಿಕಿ ಇಲ್ಲದಾಕಿ. ನಾ ಅಂಗಳದಾಗ ಇರಂಗೇ ಇಲ್ಲ."

ಆಕೆಯನ್ನು ಠಾಣೆಗೆ ಕರೆದುಕೊಂಡು ಹೋಗಿ ಬೆಳಗಿನಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂಡಿಸಿದರು. ನಾನೂ ಹೋಗಿದ್ದೆ. ಕಾಗದ ತೋರಿಸಿ, ನಿನ್ನ ಅಕ್ಷರವೇ ಎಂದು ಕೇಳಿದರು. ಹೌದು ಅಂದೆ. ಸಾವ್ಕಾರ ಹೇಳಿ ಬರೆಸಿದರು ಅನ್ನಲು ಬಾಯಿ ತೆರೆದೆ. "ಕೇಳಿದಷ್ಟು ಹೇಳು," ಅಂದರು. ಕೇಳಿದಷ್ಟು ಹೇಳಿದೆ.

ಹೊರಗೆ ಬಂದಾಗ ಕಳಕಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪೇಪರ್ ಓದತಿದ್ರಲ್ಲ ತಮ್ಮಾ ಅವರು," ಅಂದಳು. "ಅಂಕಿ ಯಾಕ ಓದಲಿಲ್ಲ?"

"ಅದು ಎಲ್ಲರಿಗೂ ಗೊತ್ತಿರಂಗಿಲ್ಲ ಅಕ್ಕಾ."

ಆಕೆ ನಿಂತುಬಿಟ್ಟಳು. "ಇದು ನಿನಗ ಮೊದ್ಲ ಗೊತ್ತಿತ್ತು?"

ನಾನು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದೆ.

ಮುಂದಿನ ರವಿವಾರ, ಗಿರಾಕಿ ತುಂಬುವ ದಿನ, ಕಳಕಮ್ಮ ಅಂಗಳಕ್ಕೆ ಬಂದಳು. ಕೆಲಸದಿಂದ ತೆಗೆದಾಗಿತ್ತು. ಕೈಯಲ್ಲಿ ಬಕೆಟ್ಟು, ಬ್ರಷ್ಷು, ಒಂದು ಸೀಮೆಸುಣ್ಣದ ಕಡ್ಡಿ. ಮೊದಲ ಗಾಡಿಯ ಮುಂದೆ ಕೂತು ಸೋಡಾ ನೀರಿನಲ್ಲಿ ಟೈರು ಉಜ್ಜತೊಡಗಿದಳು. ಕರ್ರನೆಯ ನೀರು ಸಿಮೆಂಟಿನ ಮೇಲೆ ಹರಿಯಿತು. ಬಿರುಕುಗಳು ಒಂದೊಂದಾಗಿ ಎದ್ದು ಬಂದವು. ಅಂಕಿಯ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಎರಡನೆಯ ಗಾಡಿಗೆ ಸರಿದಳು.

"ಏ, ಹುಚ್ಚು ಹಿಡದೈತೇನ ನಿನಗ? ಏಳು," ಅಂದರು ಪ್ರಭುರಾಜರು.

"ಎರಡ ನಿಮಿಷ ತಡೀರಿ ಸಾವ್ಕಾರ್ರ. ಕೆಲಸ ಅರ್ಧ ಬಿಟ್ಟ ಹೋಗೋ ರೂಢಿ ನನಗಿಲ್ಲ."

ಹನ್ನೆರಡು ಹದಿನೈದು ಜನ ಸೇರಿದರು. ಕುಷ್ಟಗಿಯಿಂದ ಬಂದಿದ್ದ ಮಾಜೀದ ಎಂಬ ಟ್ಯಾಕ್ಸಿ ಡ್ರೈವರೊಬ್ಬರು ಬಗ್ಗಿ ಕೇಳಿದರು. "ಇದೇನವಾ ಬರದಿದ್ದು?"

ಕಳಕಮ್ಮ ನನ್ನ ಕಡೆ ನೋಡಲಿಲ್ಲ. ಆದರೂ ನಾನು ಮೇಜು ಬಿಟ್ಟು ಎದ್ದೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಆಗ ಕೂತೇ ಇರಲು ಆಗಲಿಲ್ಲ, ಅಷ್ಟೇ. ಮೊದಲಿನ ಎರಡಂಕಿ ಟೈರು ಹುಟ್ಟಿದ ವಾರ, ಕೊನೆಯ ಎರಡಂಕಿ ವರ್ಷ ಎಂದು ಜೋರಾಗಿ ಹೇಳಿದೆ. ಮಾಜೀದರು ಪಕ್ಕದ ಗಾಡಿಯ ಮುಂದೆ ಕೂತು, ತಮ್ಮ ಹೆಗಲ ಮೇಲಿನ ಟವೆಲಿನಿಂದಲೇ ಟೈರು ಉಜ್ಜಿದರು. ಇನ್ನೊಬ್ಬರು ಕೂತರು. ಒಬ್ಬ ಹೆಂಗಸು ಸೀರೆಯ ಸೆರಗಿನಿಂದ ಒರೆಸಿದಳು. ಸ್ವಲ್ಪ ಹೊತ್ತು ಇಡೀ ಅಂಗಳದಲ್ಲಿ ಅಂಕಿ ಓದುವ ದನಿಯೇ ಇತ್ತು, ಮಗ್ಗಿ ಹೇಳುವ ಶಾಲೆಯ ಹಾಗೆ.

ಅವತ್ತು ಒಂದೂ ಗಾಡಿ ಮಾರಾಟವಾಗಲಿಲ್ಲ. ನನ್ನ ಕೆಲಸವೂ ಹೋಯಿತು. ಮುಂದಿನ ರವಿವಾರ ಗಾಡಿಗಳು ಮತ್ತೆ ಕರ್ರಗೆ ನಿಂತಿದ್ದವು. ಕೇಸು ಇನ್ನೂ ಕಳಕಮ್ಮನ ಹೆಸರಿನಲ್ಲೇ ಇದೆ. ಸಾವ್ಕಾರ ಹೇಳಿ ಬರೆಸಿದ್ದೆಂದು ಕಾಗದದಲ್ಲಿ ಬರೆದು ಎರಡು ಸಲ ಠಾಣೆಗೆ ಕೊಟ್ಟು ಬಂದೆ. ಏನಾಯಿತೋ ಯಾರೂ ಹೇಳುವುದಿಲ್ಲ. ಕಳಕಮ್ಮ ಈಗ ಗಿರಣಿಯಲ್ಲಿ ಅಕ್ಕಿ ಗುಡಿಸುತ್ತಾಳೆ. ಅಕ್ಕಿ ಬೆಳ್ಳಗಿದ್ದರೂ ಕೈಯ ಕಪ್ಪು ಹೋಗಿಲ್ಲ.

ಗೊತ್ತಿಲ್ಲದ್ದನ್ನೂ ಹೇಳಬೇಕು. ಟೈರು ಒಡೆದದ್ದು ವಯಸ್ಸಿನಿಂದಲೋ, ಎಣ್ಣೆಯಿಂದಲೋ, ರಸ್ತೆಯ ಕಲ್ಲಿನಿಂದಲೋ ನನಗೆ ಗೊತ್ತಿಲ್ಲ. ಅದನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಲಿಲ್ಲ. ಇನ್ನೊಂದು ಇದೆ. ಬಾಬಾಸಾಬರು ಆ ಅಂಕಿಯ ಮೇಲೂ ಹಚ್ಚು ಅಂದಾಗ, ಸ್ಪಂಜು ಎತ್ತಿಕೊಂಡ ಕಳಕಮ್ಮ ಒಂದು ಗಳಿಗೆ ತಡೆದಳು. ಆಕೆಯ ಕೈ ನಿಂತದ್ದಷ್ಟೇ ನನಗೆ ಕಂಡಿತು. ನಾನು ಮಾತಾಡಲಿ ಎಂದು ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ನೆಲ ನೋಡುತ್ತಿದ್ದೆ.